ಹೆಸರು ಹೇಳದ ರೋಗಿ

ನಮ್ಮ ಆಸ್ಪತ್ರೆಯಲ್ಲಿ ರೋಗಿಗೆ ಒಂದು ತಲೆನೋವಿನ ಮಾತ್ರೆ ಕೊಡಬೇಕಾದರೂ ಮೊದಲು ಎರಡು ಪ್ರಶ್ನೆ ಕೇಳಬೇಕು. ನಿಮ್ಮ ಹೆಸರೇನು, ಹುಟ್ಟಿದ ತಾರೀಕು ಯಾವುದು. ಕೈಗೆ ಕಟ್ಟಿದ ಪಟ್ಟಿಯ ಮೇಲೆ ಎರಡೂ ಅಚ್ಚಾಗಿರುತ್ತವೆ. ಆದರೂ ರೋಗಿಯ ಬಾಯಿಂದಲೇ ಬರಬೇಕು. ರಕ್ತ ತೆಗೆಯುವವರು ಕೇಳುತ್ತಾರೆ, ಊಟದ ಟ್ರೇ ತರುವವರು ಕೇಳುತ್ತಾರೆ, ಎಕ್ಸ್‌ರೇಗೆ ತಳ್ಳಿಕೊಂಡು ಹೋಗುವವರೂ ಕೇಳುತ್ತಾರೆ. ಒಬ್ಬರ ಔಷಧಿ ಇನ್ನೊಬ್ಬರ ಹೊಟ್ಟೆಗೆ ಹೋಗಬಾರದೆಂದು ಮಾಡಿದ ಒಳ್ಳೆಯ ನಿಯಮ ಅದು. ಅದರಿಂದಲೇ ಒಬ್ಬರ ಜೀವಕ್ಕೆ ಸಂಚಕಾರ ಬರಬಹುದೆಂದು ಆ ಚಳಿಗಾಲದವರೆಗೆ ನನಗೆ ಹೊಳೆದಿರಲಿಲ್ಲ.

ಅದು ಅಮೆರಿಕದಲ್ಲಿ ಡೆಟ್ರಾಯಿಟಿನ ಕಾರು ಕಂಪನಿಗಳು ದಿವಾಳಿಯ ಅಂಚಿಗೆ ಬಂದು ಸರ್ಕಾರದ ಮುಂದೆ ಕೈಚಾಚಿ ನಿಂತಿದ್ದ ಚಳಿಗಾಲ. ನಾನು ಊರಂಚಿನ ಸೌತ್‌ಫೀಲ್ಡ್ ಕಡೆಯ ಒಂದು ಆಸ್ಪತ್ರೆಯಲ್ಲಿ ವಾರ್ಡಿನ ಡಾಕ್ಟರು. ವಯಸ್ಸಾದವರನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಗಂಡ ಅಲ್ಲೇ ಹತ್ತಿರದ ವಾರೆನ್ನಿನಲ್ಲಿ ಕಾರು ಎಂಜಿನಿಯರ್. ಅವನ ಬಿಲ್ಡಿಂಗಿನಿಂದ ಶುಕ್ರವಾರ ಬಂತೆಂದರೆ ಯಾರಾದರೂ ರಟ್ಟಿನ ಡಬ್ಬ ಹಿಡಿದು ಹೊರಬರುತ್ತಿದ್ದರು. ಕೆಲಸ ಹೋದವರಿಗೆ ಇನ್ಶೂರೆನ್ಸ್ ಹೋಗಿ, ಇನ್ಶೂರೆನ್ಸ್ ಹೋದವರು ಆಸ್ಪತ್ರೆಗೆ ಬರುವುದನ್ನೇ ಬಿಟ್ಟು, ನಮ್ಮಲ್ಲೂ ಡಾಕ್ಟರುಗಳನ್ನು ಕಡಿಮೆ ಮಾಡುತ್ತಾರೆಂಬ ಗುಸುಗುಸು ಹಬ್ಬಿತ್ತು. ನಾವಿಬ್ಬರೂ ವೀಸಾದ ಮೇಲಿದ್ದವರು. ಕೆಲಸ ಹೋದ ದಿನವೇ ಈ ದೇಶದಲ್ಲಿ ನಿಲ್ಲುವ ಹಕ್ಕೂ ಹೋಗುತ್ತದೆ. ಬೆಳಿಗ್ಗೆ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿದ ಮೇಲೂ ಕೆಳಗಿಳಿಯದೆ ಐದು ನಿಮಿಷ ಸ್ಟಿಯರಿಂಗ್ ಹಿಡಿದು ಕೂತಿರುತ್ತಿದ್ದೆ.

ಇಲ್ಲಿನ ಕನ್ನಡದವರಲ್ಲಿ ಒಂದು ಹೊಸ ಪದ್ಧತಿ ಶುರುವಾಗಿತ್ತು. ಮೊದಲೆಲ್ಲ ನಮ್ಮವರು ಹೆಚ್ಚಿದ್ದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಯಾರ ಮನೆಯ ಬೇಸ್‌ಮೆಂಟಿನಲ್ಲಿ ಸತ್ಯನಾರಾಯಣ ಪೂಜೆಯಾದರೂ ಸಜ್ಜಿಗೆ ಕೈಗೆ ಬೀಳುವ ಮೊದಲೇ 'ಎಲ್ಲಿ ಕೆಲಸ ನಿಮ್ಗೆ?' ಎಂಬ ಪ್ರಶ್ನೆ ಬೀಳುತ್ತಿತ್ತು. ಆ ವರ್ಷ ಯಾರೂ ಅದನ್ನು ಕೇಳುತ್ತಿರಲಿಲ್ಲ. ಹೀಗೆಂದು ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿ ಬಂದದ್ದು. ಕೆಲಸ ಕಳೆದುಕೊಂಡ ಅಂಕಲ್ ಒಬ್ಬರು ಹಳೆಯ ಕಂಪನಿಯ ಜಾಕೆಟ್ಟನ್ನೇ ಹಾಕಿಕೊಂಡು ಬರುತ್ತಿದ್ದರು. ಎಲ್ಲರೂ ಅವರಿಗೆ ಎರಡನೇ ಸಲ ಪುಳಿಯೋಗರೆ ಬಡಿಸಿ, "ಈ ಸಲ ಚಳಿ ಜಾಸ್ತಿ ಅಲ್ವಾ ಅಂಕಲ್?" ಎಂದಷ್ಟೇ ಕೇಳುತ್ತಿದ್ದರು.

ಇಂಥ ದಿನಗಳಲ್ಲಿ ಆ ಜಪಾನಿ ಅಜ್ಜ ಬಂದರು. ಮಗಳನ್ನು ನೋಡಲು ಬಂದವರು. ಅಳಿಯ ಇಲ್ಲಿನ ಒಂದು ಜಪಾನಿ ಬಿಡಿಭಾಗದ ಕಂಪನಿಯಲ್ಲಿ ಮ್ಯಾನೇಜರ್. ಮನೆಯ ಮುಂದಿನ ಡ್ರೈವ್‌ವೇಯಲ್ಲಿ ಹಿಮದ ಮೇಲೆ ಜಾರಿ ಬಿದ್ದು ತೊಡೆಯ ಮೂಳೆಯನ್ನು ಸೊಂಟದ ಬಳಿ ಮುರಿದುಕೊಂಡಿದ್ದರು. ಎಂಬತ್ತು ಯಾವತ್ತೋ ದಾಟಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು. ಎಕ್ಸ್‌ರೇಯಲ್ಲಿ ಮೊಳೆ, ಸಲಾಕೆ ಎಲ್ಲ ನೆಟ್ಟಗೆ ಕೂತಿದ್ದವು. ಮೂಳೆಯ ಸರ್ಜನ್ ತಮ್ಮ ಕೆಲಸ ಮುಗಿಯಿತೆಂದು ಅಜ್ಜನನ್ನು ನನ್ನ ವಾರ್ಡಿಗೆ ಕಳಿಸಿದರು.

ಮಾರನೆಯ ದಿನದಿಂದ ಅಜ್ಜನಿಗೆ ಭ್ರಮೆ ಕವಿಯಿತು. ವಯಸ್ಸಾದವರಿಗೆ ಆಪರೇಷನ್ ಆದ ಮೇಲೆ ಇದು ಬರುವುದುಂಟು. ಅರಿವಳಿಕೆ, ನೋವಿನ ಔಷಧಿ, ನಿದ್ದೆಗೇಡು, ಗೊತ್ತಿಲ್ಲದ ಜಾಗ ಎಲ್ಲ ಸೇರಿ ತಲೆಯೊಳಗಿನ ದಿಕ್ಕು ತಪ್ಪಿಸುತ್ತವೆ. ಕೆಲವರು ಕಿರುಚುತ್ತಾರೆ, ಕೆಲವರು ಗೋಡೆಯ ಮೇಲೆ ಇರುವೆ ಕಾಣುತ್ತಾರೆ. ಅಜ್ಜ ಇದ್ಯಾವುದನ್ನೂ ಮಾಡಲಿಲ್ಲ, ಬಾಯಿ ಮುಚ್ಚಿದರು. ಹೆಸರು ಕೇಳಿದರೆ ತುಟಿ ಬಿಗಿಯುತ್ತಿದ್ದರು, ಮಾತ್ರೆ ತಂದರೂ ಬಿಗಿಯುತ್ತಿದ್ದರು, ಸೂಪಿನ ಚಮಚ ಬಂದರೂ ಅಷ್ಟೇ. ಕೈಗೆ ಹಾಕಿದ ಡ್ರಿಪ್ಪಿನ ಸೂಜಿಯನ್ನು ಕಿತ್ತು ಹಾಕಿದರು. ಮತ್ತೆ ಹಾಕಿದೆವು, ಮತ್ತೆ ಕಿತ್ತರು. ಕೊನೆಗೆ ನಿಯಮದಂತೆ ಎರಡೂ ಮಣಿಕಟ್ಟುಗಳಿಗೆ ಮೆತ್ತನೆಯ ಪಟ್ಟಿ ಸುತ್ತಿ ಮಂಚದ ಸರಳಿಗೆ ಕಟ್ಟಿದರು. ಕಟ್ಟಿಸಿಕೊಳ್ಳುವಾಗ ಅವರು ಸ್ವಲ್ಪವೂ ಕೊಸರಾಡಲಿಲ್ಲ. ತಾವೇ ಎರಡೂ ಕೈ ಜೋಡಿಸಿ ಮುಂದೆ ಚಾಚಿದರು. ಅದನ್ನು ನೋಡಿ ನನಗೆ ಯಾಕೋ ಭಯವಾಯಿತು.

ಮಗಳನ್ನು ಕೇಳಿದೆ. ಐವತ್ತು ದಾಟಿದ, ಅಚ್ಚುಕಟ್ಟಾದ ಹೆಂಗಸು. ಇಂಗ್ಲಿಷನ್ನು ಅಳೆದು ಸುರಿದು ಮಾತಾಡುತ್ತಿದ್ದರು. "ಅಪ್ಪ ಮೊದಲು ಏನು ಮಾಡುತ್ತಿದ್ದರು?"

"ನಗರಸಭೆಯಲ್ಲಿದ್ದರು" ಎಂದರು.

"ಗುಮಾಸ್ತರೋ, ಅಧಿಕಾರಿಯೋ?"

"ನಗರಸಭೆಯಲ್ಲಿ" ಎಂದು ಮತ್ತೆ ಅಷ್ಟನ್ನೇ ಹೇಳಿ ಕೈಚೀಲದ ಜಿಪ್ ಎಳೆದರು.

ಆಗ ನಾನೊಂದು ಉಪಾಯ ಮಾಡಿದೆ. ಹಿಂದೊಮ್ಮೆ ನಮ್ಮ ಕಡೆಯ ಅಜ್ಜಿಯೊಬ್ಬರು ಇದೇ ವಾರ್ಡಿನಲ್ಲಿ ಹೀಗೇ ಊಟ ಬಿಟ್ಟು ಮಲಗಿದ್ದರು. ನಾನು ಹೋಗಿ "ಅಜ್ಜಿ, ಮೊಸರನ್ನ ತರ್ಲಾ?" ಎಂದದ್ದೇ ತಡ, ನನ್ನ ಕೈ ಹಿಡಿದು ಗೊಳೋ ಎಂದು ಅತ್ತು, ಬಟ್ಟಲು ಖಾಲಿ ಮಾಡಿದ್ದರು. ತಾಯಿನುಡಿ ಕಿವಿಗೆ ಬಿದ್ದರೆ ಅರ್ಧ ಕಾಯಿಲೆ ಹೋಗುತ್ತದೆಂದು ಅಂದಿನಿಂದ ನಂಬಿದ್ದೆ. ಮಗಳ ಪಿಸುಮಾತಿಗೆ ಅಜ್ಜ ಓಗೊಟ್ಟಿರಲಿಲ್ಲ, ಆದರೂ ಡಾಕ್ಟರ ಪ್ರಶ್ನೆಯೇ ಜಪಾನಿಯಲ್ಲಿ ಬಂದರೆ ಇವರೂ ದಾರಿಗೆ ಬರುತ್ತಾರೆ ಎಂದುಕೊಂಡೆ. ಮಗಳು ಇದ್ದರೂ ಮನೆಯವರನ್ನು ದುಭಾಷಿಯಾಗಿ ಬಳಸಬಾರದೆಂಬ ಇನ್ನೊಂದು ನಿಯಮ ನಮ್ಮಲ್ಲಿದೆ. ಆದ್ದರಿಂದ ಟೆಲಿಫೋನ್ ದುಭಾಷಿಗೆ ಕರೆ ಮಾಡಿ, ಫೋನನ್ನು ಅಜ್ಜನ ದಿಂಬಿನ ಪಕ್ಕ ಇಟ್ಟು, ಸ್ಪೀಕರ್ ಒತ್ತಿದೆ.

ಗಂಡಸಿನ ದನಿ. ಗಂಭೀರವಾದ, ಬಹಳ ವಿನಯದ ಜಪಾನಿ. ನಾನು ಇಂಗ್ಲಿಷಿನಲ್ಲಿ ಕೇಳಿದ್ದನ್ನು ಅವರು ಒಂದೊಂದಾಗಿ ಹೇಳುತ್ತ ಹೋದರು. ನಿಮ್ಮ ಹೆಸರು ಹೇಳಿ. ಹುಟ್ಟಿದ ತಾರೀಕು ಹೇಳಿ. ಈಗ ನೀವು ಎಲ್ಲಿದ್ದೀರಿ, ಗೊತ್ತೇ?

ಅಜ್ಜ ಕಣ್ಣು ತೆರೆದು ಫೋನನ್ನು ನೋಡಿದರು. ಮಂಡಿಯೂರಿ ಕೂರುವವರಂತೆ ಮೊಣಕಾಲು ಮಡಿಸಲು ಹೋಗಿ ಆಪರೇಷನ್ ಆದ ಕಾಲು ಮೇಲೇಳದೆ ಮುಖ ಕಿವುಚಿದರು. ತಲೆಯನ್ನು ಎರಡು ಭುಜಗಳ ನಡುವೆ ಎಳೆದುಕೊಂಡರು. ಹಾಸಿಗೆ ಒದ್ದೆಯಾಯಿತು. ಬಾಯಿ ಮಾತ್ರ ತೆರೆಯಲಿಲ್ಲ. ಮಗಳು ಹೊರಗೆ ಹೋಗಿ ಕಾರಿಡಾರಿನ ಗೋಡೆಗೆ ಹಣೆ ಒತ್ತಿ ನಿಂತರು. ನಾನು ಫೋನ್ ಆರಿಸಲು ಹೋದೆ. ಗುಂಡಿ ಬೇಗ ಕೈಗೆ ಸಿಗಲೇ ಇಲ್ಲ.

ಅಲ್ಲಿಂದ ಪರಿಸ್ಥಿತಿ ಹದಗೆಡುತ್ತ ಹೋಯಿತು. ಅಜ್ಜ ಈಗ ನಾನು ಕೋಣೆಗೆ ಕಾಲಿಟ್ಟರೇ ಗೋಡೆಯ ಕಡೆ ತಿರುಗುತ್ತಿದ್ದರು. ಕೈಗಳ ನರಗಳು ಒಂದೊಂದಾಗಿ ಕೈಕೊಟ್ಟವು. ಡ್ರಿಪ್ಪಿನ ನೀರು ಚರ್ಮದಡಿ ಸೇರಿ ತೋಳು ಊದಿಕೊಂಡಿತು. ಮೈಯಲ್ಲಿ ನೀರು ಸಾಲದೆ ರಕ್ತದಲ್ಲಿ ಸೋಡಿಯಂ ಏರುತ್ತಿತ್ತು, ಮೂತ್ರಪಿಂಡಗಳು ಸೊರಗುತ್ತಿದ್ದವು. ಹೃದಯದ ಬಡಿತ ಸರಿಯಿಡುವ ಮಾತ್ರೆ ಹೊಟ್ಟೆಗೆ ಹೋಗಿರಲಿಲ್ಲ. ಸರ್ಜನ್ ಬಂದು, ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ಅದರಲ್ಲೇ ಆಹಾರ, ಔಷಧಿ ಎರಡನ್ನೂ ಕೊಡೋಣ ಎಂದರು. ಹೇಗೂ ಕೈ ಕಟ್ಟಿದೆ, ಕೀಳಲಾರರು ಎಂದೂ ಸೇರಿಸಿದರು.

ಪುಸ್ತಕದ ಪ್ರಕಾರ ಅದರಲ್ಲಿ ತಪ್ಪಿರಲಿಲ್ಲ. ಆದರೆ ಕೈ ಕಟ್ಟಿ, ನಾಲ್ಕು ಜನ ತಲೆ ಹಿಡಿದು, ಮೂಗಿಗೆ ನಳಿಕೆ ತುರುಕಿದರೆ ಈ ಮನುಷ್ಯ ಬದುಕುವುದಿಲ್ಲ ಎಂದು ನನಗೆ ಅನ್ನಿಸಿತು. ಏಕೆ ಎಂದು ಕೇಳಿದ್ದರೆ ಹೇಳಲು ನನ್ನ ಬಳಿ ಯಾವ ಕಾರಣವೂ ಇರಲಿಲ್ಲ.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವನು ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಿದ್ದವನು ತಿರುಗದೆಯೇ ಹೇಳಿದ. "ರೂಲ್ ಹೇಗಿದ್ಯೋ ಹಾಗೆ ಮಾಡು ಕಣೆ. ನೀನು ಬೇರೆ ಏನಾದ್ರೂ ಮಾಡಿ, ಅವ್ರು ಬಿದ್ದು, ಕಂಪ್ಲೇಂಟ್ ಆದ್ರೆ? ನಿಂದೂ ಹೋಗಿ ನಂದೂ ಹೋದ್ರೆ ಮಕ್ಳನ್ನ ಕರ್ಕೊಂಡು ಎಲ್ಲಿಗೆ ಹೋಗೋದು?"

ಅವನ ಮಾತಿನಲ್ಲಿ ತಪ್ಪೇನಿತ್ತು? ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು.

ಮರುದಿನ ಊಟದ ಹೊತ್ತಿಗೆ ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತು ಶಿಕಾಗೋಗೆ ಫೋನ್ ಮಾಡಿದೆ. ಅಲ್ಲಿ ನನ್ನ ಸೀನಿಯರ್ ಒಬ್ಬರಿದ್ದಾರೆ, ಮನೋವೈದ್ಯೆ, ಧಾರವಾಡದವರು. ಓದುವ ಕಾಲದಿಂದಲೂ ಅವರನ್ನು ಅಕ್ಕ ಎಂದೇ ಕರೆಯುವುದು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ನೋಡವಾ," ಎಂದರು ಅಕ್ಕ, "ಭ್ರಮಾ ಆದವರು ಒಮ್ಮೆ ಹೂಂ ಅಂತಾರ, ಒಮ್ಮೆ ಊಹೂಂ ಅಂತಾರ. ಒಂದ ನಮೂನಿ ಇರೂದಿಲ್ಲ. ನಿಮ್ಮ ಅಜ್ಜಾರು ಹೆಸರು ಕೇಳಿದಾಗೊಮ್ಮೆ ಅಷ್ಟ ಗಟ್ಟಿ ಬಾಯಿ ಮುಚ್ಚತಾರ ಅಂದ್ರ ಅದು ಭ್ರಮಾ ಅಲ್ಲ, ರೂಢಿ. ಎಲ್ಲೋ ಕಲ್ತಾರ ಅದನ್ನ. ಎಲ್ಲಿ ಕಲ್ತಾರ ಅಂತ ಮಗಳನ್ನ ಕೇಳು."

"ಕೇಳಿದೆ ಅಕ್ಕ. ನಗರಸಭೆ ಅಂತಾರೆ, ಅಷ್ಟೆ."

"ನಗರಸಭಾದಾಗ ಯಾರರ ಬಾಯಿ ಮುಚ್ಚೂದು ಕಲೀತಾರೇನು? ಇನ್ನೊಮ್ಮೆ ಕೇಳು."

ಮಗಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಮೂಲೆಯ ಟೇಬಲ್ಲಿನಲ್ಲಿ ಕೂರಿಸಿದೆ. ಚಹಾ ತಂದುಕೊಟ್ಟೆ. ನಾಳೆ ನಳಿಕೆ ಹಾಕುತ್ತಾರೆ, ಅದಕ್ಕೆ ಮುಂಚೆ ನನಗೆ ಗೊತ್ತಿರಬೇಕಾದದ್ದು ಏನಾದರೂ ಇದ್ದರೆ ಹೇಳಿ ಎಂದೆ. ಅವರು ಸುತ್ತ ನೋಡಿದರು. ಹಿಂದಿನ ಟೇಬಲ್ಲಿನವರು ಎದ್ದು ಹೋಗುವವರೆಗೆ ಕಾದರು. ಆಮೇಲೆ ತುಟಿ ಮಾತ್ರ ಅಲುಗುವಂತೆ, "ನನ್ನ ತಂದೆ ಕಮ್ಯುನಿಸ್ಟ್" ಎಂದರು.

ನಾನು ನಕ್ಕುಬಿಟ್ಟೆನೇನೋ ಎಂದು ಈಗಲೂ ಅಳುಕಾಗುತ್ತದೆ. ನಮ್ಮ ಮೈಸೂರಿನಲ್ಲಿ ಕಮ್ಯುನಿಸ್ಟ್ ಎಂದರೆ ಹೆಗಲಿಗೆ ಚೀಲ ಹಾಕಿಕೊಂಡು, ಭಾನುವಾರ ಬೆಳಿಗ್ಗೆ ಚಂದಾ ಕೇಳಲು ಬಂದು, ಕಾಫಿ ಕುಡಿದು, ಅಪ್ಪನ ಜೊತೆ ವಾದ ಮಾಡಿ ಹೋಗುವ ಮನುಷ್ಯ. ಈಕೆಗೆ ಅದು ಬಾಯಿಬಿಟ್ಟು ಹೇಳಬಾರದ ಪದ. ಅಮೆರಿಕದಲ್ಲಿ ಯಾರಿಗೂ ಹೇಳಕೂಡದೆಂದು ಗಂಡ ಕಟ್ಟಪ್ಪಣೆ ಮಾಡಿದ್ದನಂತೆ. ಕಂಪನಿ ಈಗಾಗಲೇ ಜನರನ್ನು ಜಪಾನಿಗೆ ವಾಪಸು ಕಳಿಸುತ್ತಿತ್ತು. ಅವರ ಭಯ ನನ್ನ ಭಯದ ಅಕ್ಕತಂಗಿಯೇ ಎಂದು ಗೊತ್ತಾಗಿ, ಹತ್ತಿರಕ್ಕೆ ಕುರ್ಚಿ ಎಳೆದುಕೊಂಡೆ.

ಆಮೇಲೆ ಅವರು ನಿಲ್ಲಿಸದೆ ಹೇಳಿದರು. ಯುದ್ಧದ ಕಾಲದ ಜಪಾನಿನಲ್ಲಿ ಜನರ ತಲೆಯೊಳಗಿನ ವಿಚಾರ ಹಿಡಿಯುವುದಕ್ಕೇ ಒಂದು ಪೊಲೀಸ್ ಪಡೆಯಿತ್ತು. ಅಜ್ಜ ಆಗ ರೈಲ್ವೆ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. ಗೆಳೆಯರ ಜೊತೆ ಕೂತು ಓದಬಾರದ ಪುಸ್ತಕ ಓದಿದನೆಂದು ಎಳೆದೊಯ್ದರು. ವಿಚಾರಣೆಗೆ ಬರುತ್ತಿದ್ದ ಅಧಿಕಾರಿ ಬೈಯುತ್ತಿರಲಿಲ್ಲ. ತುಂಬ ವಿನಯದಿಂದ, ದಿನವೂ ಅದೇ ಎರಡು ಪ್ರಶ್ನೆಯಿಂದ ಆರಂಭಿಸುತ್ತಿದ್ದ. ನಿನ್ನ ಹೆಸರು ಹೇಳು, ಹುಟ್ಟಿದ ತಾರೀಕು ಹೇಳು. ಹೊಡೆತ ಅದರ ನಂತರ. ಪಕ್ಕದ ಕೋಣೆಯಲ್ಲಿದ್ದ ಹಿರಿಯನೊಬ್ಬ ಗೋಡೆಯ ಸಂದಿನಿಂದ ಹುಡುಗನಿಗೆ ಬುದ್ಧಿ ಹೇಳಿದ್ದ. ನಿನ್ನ ಹೆಸರನ್ನೂ ಹೇಳಬೇಡ. ಗೊತ್ತಿದ್ದೇ ಕೇಳುತ್ತಾರೆ. ಒಂದು ಹೆಸರಿಗೆ ನಾಲಗೆ ಸಡಿಲವಾದರೆ ಉಳಿದ ಹೆಸರುಗಳು ತಾವಾಗಿ ಬರುತ್ತವೆ. ಅವರ ಕೈಯಿಂದ ಏನನ್ನೂ ತಿನ್ನಬೇಡ, ತಿಂದ ಬಾಯಿ ಮಾತಾಡುತ್ತದೆ. ಹುಡುಗ ಹಾಗೆಯೇ ನಡೆದುಕೊಂಡ. ಯಾರೂ ಸಿಕ್ಕಿಬೀಳಲಿಲ್ಲ. ಆ ಹಿರಿಯ ಮಾತ್ರ ಅಲ್ಲಿಂದ ಜೀವಂತ ಹೊರಬರಲಿಲ್ಲ.

ಯುದ್ಧ ಮುಗಿದು ಬಿಡುಗಡೆಯಾಯಿತು. ಕೆಲವೇ ವರ್ಷಗಳಲ್ಲಿ, ಅಮೆರಿಕನ್ನರು ದೇಶ ಆಳುತ್ತಿದ್ದಾಗ, ಕೆಂಪು ಪಕ್ಷದವನೆಂದು ರೈಲ್ವೆ ಕೆಲಸವೂ ಹೋಯಿತು. ಆಮೇಲೆ ಮನುಷ್ಯ ಚುನಾವಣೆಗೆ ನಿಂತ. ಸೋತ, ಮತ್ತೆ ನಿಂತ, ಗೆದ್ದ. ಹಲವು ಸಲ ನಗರಸಭೆ, ಒಂದು ಸಲ ಟೋಕಿಯೋದ ಸಂಸತ್ತು, ಅಲ್ಲಿ ಸೋತು ಮತ್ತೆ ನಗರಸಭೆ. ಶಿಶುವಿಹಾರ, ನಲ್ಲಿ ನೀರಿನ ದರ, ಮುದುಕರಿಗೆ ಬಸ್ ಪಾಸ್, ಇವೇ ಅವರ ಜೀವಮಾನದ ಕ್ರಾಂತಿ.

"ಚುನಾವಣೆ ಬಂದರೆ ನನಗೆ ಸಾಯುವಷ್ಟು ನಾಚಿಕೆ" ಎಂದರು ಮಗಳು. ಅಲ್ಲಿ ಅಭ್ಯರ್ಥಿಗಳು ವ್ಯಾನಿನ ಮೇಲೆ ಮೈಕು ಕಟ್ಟಿ, ಬಿಳಿ ಕೈಗವಸು ಹಾಕಿ, ಕೈ ಬೀಸುತ್ತ, ಬೀದಿ ಬೀದಿಯಲ್ಲಿ ತಮ್ಮ ಹೆಸರನ್ನೇ ಕೂಗಿಕೊಂಡು ಹೋಗುತ್ತಾರಂತೆ. ಬೇರೆ ಮಾತೇ ಇಲ್ಲ, ಹೆಸರು, ಮತ್ತೆ ಹೆಸರು. ಶಾಲೆಯ ಮುಂದೆ ಅಪ್ಪನ ವ್ಯಾನು ಬಂದಾಗ ಈಕೆ ಚಪ್ಪಲಿ ಕಪಾಟಿನ ಹಿಂದೆ ಅವಿತುಕೊಳ್ಳುತ್ತಿದ್ದರಂತೆ. "ಒಂದು ಸಲ ಮೈಕಿನಲ್ಲಿ ಅಪ್ಪನ ಹೆಸರು ಕೂಗುವ ಹುಡುಗಿಗೆ ಜ್ವರ ಬಂದು ನಾನೇ ಕೂಗಬೇಕಾಯಿತು. ಅಪ್ಪ ಎಷ್ಟು ಸಂತೋಷಪಟ್ಟರು. ನಾನು ಆಮೇಲೆ ಅವರ ಜೊತೆ ಒಂದು ವಾರ ಮಾತಾಡಲಿಲ್ಲ."

ನಾನು ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದೆ. ನಾವು ದಿನವಿಡೀ ಏನು ಮಾಡುತ್ತಿದ್ದೆವೆಂದು ಈಗ ಕಣ್ಣಿಗೆ ಕಟ್ಟಿತು. ಕೈ ಕಟ್ಟಿ, ಬೆಳಗಿನಿಂದ ಸಂಜೆಯವರೆಗೆ ಒಬ್ಬರಾದ ಮೇಲೊಬ್ಬರು ಹೋಗಿ ವಿನಯದಿಂದ ಹೆಸರು ಕೇಳುತ್ತಿದ್ದೆವು. ಅದು ಸಾಲದೆಂದು, ಆ ವಿಚಾರಣೆ ನಡೆದ ಭಾಷೆಯಲ್ಲೇ ಕೇಳಿಸಿದ್ದೆ ನಾನು. 

ಮಾಡಬೇಕಾದದ್ದು ಗೊತ್ತಿತ್ತು. ಮಾಡಲು ಧೈರ್ಯವಿರಲಿಲ್ಲ. ಕೈ ಬಿಚ್ಚಬೇಕು. ಬಿಚ್ಚಿದರೆ ಡ್ರಿಪ್ ಕೀಳುತ್ತಾರೆ, ಹಾಗಾದರೆ ಡ್ರಿಪ್ಪನ್ನು ನಾವೇ ಮೊದಲು ತೆಗೆದುಬಿಡಬೇಕು. ಆಗ ಅವರು ತಾವಾಗಿ ನೀರು ಕುಡಿಯದಿದ್ದರೆ ನಾಳೆಯ ಹೊತ್ತಿಗೆ ಮೂತ್ರಪಿಂಡ ನಿಲ್ಲುತ್ತದೆ. ಎದ್ದು ಬಿದ್ದರೆ ಹೊಸ ಮೂಳೆ ಮುರಿಯುತ್ತದೆ. ನುಂಗುವ ಪರೀಕ್ಷೆ ಬೇರೆ ಆಗಿರಲಿಲ್ಲ, ಬಾಯಿಯೇ ತೆರೆದಿರಲಿಲ್ಲವಲ್ಲ. ನೀರು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಯಾವುದಾದರೂ ಒಂದು ಆದರೆ ಸಾಕು, ಅಜ್ಜನ ಕಥೆ ಮುಗಿಯುತ್ತದೆ. ಜೊತೆಗೆ ನನ್ನದೂ. ಕಾರಿಡಾರಿನ ಕಿಟಕಿಯ ಬಳಿ ನಿಂತು ಪಾರ್ಕಿಂಗಿನಲ್ಲಿದ್ದ ನನ್ನ ಕಾರನ್ನು ನೋಡುತ್ತಿದ್ದೆ. ಏಕೋ ಆ ಅಂಕಲ್ ಹಾಕಿಕೊಳ್ಳುತ್ತಿದ್ದ ಜಾಕೆಟ್ ನೆನಪಾಯಿತು. ನಾವು ಒಂದು ಬೇಸ್‌ಮೆಂಟು ತುಂಬ ಜನ, ಯಾರ ಆರ್ಡರ್ ಇಲ್ಲದೆ, ಹೆದರಿದ ಮನುಷ್ಯನಿಗೆ ಒಂದು ಪ್ರಶ್ನೆಯನ್ನು ಕೇಳದೆ ಬಿಟ್ಟಿದ್ದೆವು. ಕೇಳದೆ ಬಡಿಸಿದ್ದೆವು. ಅವರು ತಿಂದಿದ್ದರು.

ನರ್ಸುಗಳ ಮೇಲ್ವಿಚಾರಕಿಯ ಬಳಿ ಹೋಗಿ ಹೇಳಿದೆ. ಈ ಕೋಣೆಯಲ್ಲಿ ಇನ್ನು ಯಾರೂ ಹೆಸರು ಕೇಳಬಾರದು, ಕೈಪಟ್ಟಿ ನೋಡಿ, ಮಗಳನ್ನು ಕೇಳಿ. ಫೋನ್ ದುಭಾಷಿ ಬೇಡ. ಕಟ್ಟು ಬಿಚ್ಚಿ, ಡ್ರಿಪ್ ತೆಗೆಯಿರಿ. ನಾಳೆಯ ನಳಿಕೆಯನ್ನು ಸದ್ಯಕ್ಕೆ ತಡೆಹಿಡಿಯಿರಿ, ಸರ್ಜನ್ ಜೊತೆ ನಾನು ಮಾತಾಡುತ್ತೇನೆ.

ಆಕೆ ಡೆಟ್ರಾಯಿಟಿನಲ್ಲೇ ಹುಟ್ಟಿ ಬೆಳೆದ, ನನಗಿಂತ ಹದಿನೈದು ವರ್ಷ ಹಿರಿಯ ಹೆಂಗಸು. ಕನ್ನಡಕದ ಮೇಲಿಂದ ನೋಡಿದರು. "ಬಿದ್ದರೆ?"

"ಬಿದ್ದರೆ ನಾನು ಹೇಳಿದ್ದೆಂದು ಬರೆಯಿರಿ."

"ಕಾರಣ ಏನೆಂದು ಬರೆಯಲಿ?"

ಮಗಳು ತಲೆಯಾಡಿಸಿದ ಮೇಲೆ ಕಾರಣ ಹೇಳಿದೆ. ಮೇಲ್ವಿಚಾರಕಿ ಕನ್ನಡಕ ತೆಗೆದು, "ನನ್ನ ಅಪ್ಪ ಕಾರ್ಖಾನೆಯಲ್ಲಿ ಯೂನಿಯನ್ ಕಟ್ಟಿದಾಗ ಅವನನ್ನೂ ಅದೇ ಹೆಸರಿನಿಂದ ಕರೆಯುತ್ತಿದ್ದರು" ಎಂದರು. ಎದ್ದು ಬಂದು ಅಜ್ಜನ ಮಂಚವನ್ನು ನೆಲಕ್ಕೆ ತಾಗುವಷ್ಟು ಕೆಳಗಿಳಿಸಿ, ಪಕ್ಕದಲ್ಲಿ ದಪ್ಪ ಚಾಪೆ ಹಾಸಿಸಿದರು. ಬಾಗಿಲನ್ನು ಪೂರ್ತಿ ತೆರೆದಿಟ್ಟರು.

ಕಟ್ಟು ಬಿಚ್ಚಲು ನಾನೇ ಕೂತೆ. ಕೈ ನಡುಗುತ್ತಿತ್ತು. ಎಡಗೈಯ ಪಟ್ಟಿಯ ಗಂಟು ಎಷ್ಟು ಎಳೆದರೂ ಬರಲೊಲ್ಲದು. ಅಜ್ಜ ಗೋಡೆಯ ಕಡೆಯಿಂದ ಮುಖ ತಿರುಗಿಸಿ ನನ್ನ ಬೆರಳುಗಳನ್ನೇ ನೋಡತೊಡಗಿದರು. ಕೊನೆಗೂ ಬಿಚ್ಚಿಕೊಂಡಿತು. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿದೆವು. ಜಗ್ಗಿನಿಂದ ಎರಡು ಲೋಟಕ್ಕೆ ನೀರು ಬಗ್ಗಿಸಿ ಒಂದನ್ನು ಅವರಿಗೆ ಎಟುಕುವ ಹಾಗೆ ಇಟ್ಟೆ. ಇನ್ನೊಂದನ್ನು ನಾನು ಎತ್ತಿ ಕುಡಿದೆ. ತುಟಿಗೆ ತಾಗಿಸದೆ ಕುಡಿಯುವುದು ಹುಟ್ಟಿನಿಂದ ಬಂದ ರೂಢಿ, ಎಂದೂ ಒಂದು ಹನಿ ಚೆಲ್ಲಿದವಳಲ್ಲ. ಅವತ್ತು ಕೈ ನಡುಗಿ ಅರ್ಧ ಲೋಟ ನನ್ನ ಬಿಳಿ ಕೋಟಿನ ಮೇಲೆ, ಕೊರಳೊಳಗೆ ಸುರಿಯಿತು.

ಅಜ್ಜ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಬಲಗೈ ಮುಂದೆ ಬಂತು. ಯಾರ ಕೈಯಿಂದಲೂ ಅಲ್ಲ, ಮೇಜಿನ ಮೇಲಿಂದ ತಾವೇ ಲೋಟ ತೆಗೆದುಕೊಂಡರು. ಒಂದು ಗುಟುಕು. ಕೆಮ್ಮುತ್ತಾರೇನೋ ಎಂದು ಅವರ ಗಂಟಲನ್ನೇ ನೋಡುತ್ತಿದ್ದೆ. ಕೆಮ್ಮಲಿಲ್ಲ. ಇನ್ನೊಂದು ಗುಟುಕು. ಆ ಸಂಜೆ ನಾನು ಮನೆಗೆ ಹೊರಡುವಷ್ಟರಲ್ಲಿ ಲೋಟ ಖಾಲಿಯಾಗಿತ್ತು. ಊಟವನ್ನು ಮಾತ್ರ ಮುಟ್ಟಿರಲಿಲ್ಲ. ಒಂದು ಲೋಟ ನೀರು ಯಾವ ಮೂಲೆಗೂ ಸಾಲದು ಎಂದು ನನಗೆ ಗೊತ್ತಿತ್ತು. ಮನೆಗೆ ಹೋಗುವಾಗ ಹೈವೇಯಲ್ಲಿ ನನ್ನ ಎಕ್ಸಿಟ್ ತಪ್ಪಿಸಿಕೊಂಡೆ.

ಬೆಳಿಗ್ಗೆ ವಾರ್ಡಿಗೆ ಬರುತ್ತಿದ್ದಂತೆಯೇ ಅಜ್ಜನ ಕೋಣೆಯಿಂದ ಗದ್ದಲ ಕೇಳಿತು. ಓಡಿದೆ. ರಕ್ತ ತೆಗೆಯುವವನು, ಹೊಸಬ, ಟ್ರೇ ಹಿಡಿದು ನಿಂತಿದ್ದ. ಬಾಗಿಲಿಗೆ ನಾನು ಅಂಟಿಸಿದ್ದ ಚೀಟಿ ಅವನಿಗೆ ಓದಲು ಬಂದಿರಲಿಲ್ಲ, ಅದು ನನ್ನ ಕೈಬರಹ. ಅವನು ತನ್ನ ಕೆಲಸಕ್ಕೆ ತಕ್ಕಂತೆ ಗಟ್ಟಿಯಾಗಿ, ಒಂದಲ್ಲ ಎರಡು ಸಲ, ಹೆಸರು ಮತ್ತು ಹುಟ್ಟಿದ ತಾರೀಕು ಕೇಳಿದ್ದ. ಅಜ್ಜ ಮಂಚದಿಂದ ಕಾಲಿಳಿಸಿ, ಆಪರೇಷನ್ ಆದ ಕಾಲಿನ ಮೇಲೆ ಏಳಲು ಹೊರಟಿದ್ದರು.  ನಾನು ಬಾಗಿಲಲ್ಲಿದ್ದೆ. ಟ್ರೇ ಹಿಡಿದವನು ಹಿಂದೆ ಸರಿದಿದ್ದ, ಕೈಗೆ ಎಟುಕುವಷ್ಟು ಹತ್ತಿರ ಬೇರೆ ಯಾರೂ ಇರಲಿಲ್ಲ. ಬಿದ್ದರು, ಎಲ್ಲ ಮುಗಿಯಿತು ಎಂದುಕೊಂಡೆ.

ಆಗ ಕಿಟಕಿಯ ಬಳಿಯಿದ್ದ ಮಗಳು ಕೂಗಿದರು. ಆಗಷ್ಟೇ ಹೊರಗಿನಿಂದ ಬಂದಿದ್ದರು, ಕೈಯಲ್ಲಿ ಇನ್ನೂ ಬಿಳಿಯ ಉಣ್ಣೆಯ ಗವಸುಗಳಿದ್ದವು. ಬಲಗೈಯನ್ನು ಮೇಲೆತ್ತಿ ಬೀಸುತ್ತ, ನಾನು ಅದುವರೆಗೆ ಕೇಳಿರದ ಎತ್ತರದ, ಹಾಡಿನಂಥ ದನಿಯಲ್ಲಿ ತಂದೆಯ ಹೆಸರನ್ನು ಕೂಗಿದರು. ಇನ್ನೊಮ್ಮೆ ಕೂಗಿದರು. ಏನೋ ನಾಲ್ಕು ಮಾತು ಸೇರಿಸಿ ಮತ್ತೆ ಹೆಸರು. ಇಡೀ ಕಾರಿಡಾರಿಗೆ ಕೇಳಿಸುವಂತೆ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಕೈ ಮಾತ್ರ ಬೀಸುತ್ತಲೇ ಇತ್ತು.

ಅಜ್ಜ ಅರ್ಧ ಎದ್ದವರು ಅಲ್ಲೇ ತಡೆದು, ಮೆಲ್ಲಗೆ ಮಂಚದ ಅಂಚಿಗೆ ಕೂತರು. ಬೆನ್ನು ನೆಟ್ಟಗಾಯಿತು. ಮಗಳ ಕಡೆ ನೋಡಿದರು, ತೆರೆದ ಬಾಗಿಲ ಕಡೆ ನೋಡಿದರು, ಅಲ್ಲಿ ಸೇರಿದ್ದ ನರ್ಸುಗಳನ್ನೂ ನನ್ನನ್ನೂ ಕಂಡರು. ಬಲಗೈ ತಾನಾಗಿ ಮೇಲೆದ್ದು ಬೀಸತೊಡಗಿತು. ರಕ್ತ ತೆಗೆಯುವವನಿಗೆ ಸೊಂಟದವರೆಗೆ ಬಾಗಲು ಹೋಗಿ, ಆಗದೆ, ತಲೆ ಬಾಗಿಸಿ, ತಮ್ಮ ಹೆಸರು ಹೇಳಿದರು. ಒಣಗಿದ ಗಂಟಲು, ಆದರೆ ಖಚಿತವಾದ ದನಿ. ಮತ್ತೊಮ್ಮೆ ಬಾಗಿಲಲ್ಲಿದ್ದವರಿಗೆಲ್ಲ ಹೇಳಿದರು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಅದನ್ನು ಅಲ್ಲಿದ್ದವರಿಗೆ ಕೊಟ್ಟದ್ದು.

ರಕ್ತ ತೆಗೆಯುವವನು ಕೈಪಟ್ಟಿ ನೋಡಿ ಸರಿ ಎಂದು ತಲೆಯಾಡಿಸಿದ. "ಹುಟ್ಟಿದ ತಾರೀಕು?" ಎಂದ ಪುಣ್ಯಾತ್ಮ. ಮೇಲ್ವಿಚಾರಕಿ ಅವನ ಭುಜ ಹಿಡಿದು ಹೊರಗೆ ಕರೆದುಕೊಂಡು ಹೋದರು.

ಆ ದಿನ ಮಗಳು ಮನೆಯಿಂದ ಅನ್ನದ ಗಂಜಿ ಮಾಡಿ ತಂದರು, ಮೇಲೊಂದು ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣು. ಅಜ್ಜ ತಾವೇ ಚಮಚ ಹಿಡಿದು ತಿಂದರು. ಮಾತ್ರೆಯೂ ಹೊಟ್ಟೆಗೆ ಹೋಯಿತು. ಸರ್ಜನ್ ನಳಿಕೆಯ ಮಾತನ್ನು ಮತ್ತೆ ಎತ್ತಲಿಲ್ಲ. ಸೋಡಿಯಂ ನಿಧಾನವಾಗಿ ಇಳಿಯಿತು, ಮೂತ್ರಪಿಂಡಗಳು ಚೇತರಿಸಿಕೊಂಡವು, ಭ್ರಮೆಯೂ ಬಂದ ಹಾಗೆಯೇ ಹೋಯಿತು. ವಾಕರ್ ಹಿಡಿದು ನಡೆಯಲು ಶುರುಮಾಡಿದ ಮೇಲೆ ಅಜ್ಜನನ್ನು ತಡೆಯುವವರೇ ಇಲ್ಲ. ಕಾರಿಡಾರಿನಲ್ಲಿ ಎದುರಾದ ನರ್ಸುಗಳಿಗೆಲ್ಲ ಮಗಳ ಮೂಲಕ ಪ್ರಶ್ನೆ: ಒಬ್ಬರಿಗೆ ಎಷ್ಟು ರೋಗಿಗಳು, ಯೂನಿಯನ್ ಇದೆಯೇ, ಊಟದ ಬಿಡುವು ಸಿಗುತ್ತದೆಯೇ. ಮೇಲ್ವಿಚಾರಕಿ, "ಇವರು ಬೇಗ ಮನೆಗೆ ಹೋದರೆ ನನಗೆ ಒಳ್ಳೆಯದು" ಎಂದು ನಗುತ್ತಿದ್ದರು.

ನನ್ನ ಕೆಲಸ ಆ ವರ್ಷ ಉಳಿಯಿತು. ಗಂಡನದು ಉಳಿಯಲಿಲ್ಲ. ಆದರೆ ಅಜ್ಜ ಹೊರಡುವ ದಿನ ನನಗೆ ಇವೆರಡರಲ್ಲಿ ಯಾವುದೂ ಗೊತ್ತಿರಲಿಲ್ಲ. ಅವತ್ತು ಬೆಳಿಗ್ಗೆಯೂ ಕಾರಿನಿಂದ ಇಳಿಯದೆ ಹಾಗೆಯೇ ಕೂತಿದ್ದೆ.

ಗಾಲಿಕುರ್ಚಿಯಲ್ಲಿ ಕೂತಿದ್ದರು. ಕೋಟು, ಟೋಪಿ, ಮಗಳ ಬಿಳಿ ಗವಸು ಬೇರೆ ಹಾಕಿಕೊಂಡಿದ್ದರು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಏನೋ ಹೇಳಿದರು. ಮಗಳು ಇಂಗ್ಲಿಷಿಗೆ ತಂದರು.

"ನೀವ್ಯಾರೂ ಪೊಲೀಸರಲ್ಲ ಎಂದು ನಿಮ್ಮ ಕೈ ನೋಡಿ ಗೊತ್ತಾಯಿತಂತೆ. ಗಂಟು ಬಿಚ್ಚುವಾಗ ನಡುಗುತ್ತಿತ್ತು. ನೀರು ಕೂಡ ಚೆಲ್ಲಿಕೊಂಡಿರಿ. ವಿಚಾರಣೆ ಮಾಡುವವರ ಕೈ ಒಂದು ದಿನವೂ ನಡುಗಿದ್ದನ್ನು ಅಪ್ಪ ನೋಡಿಲ್ಲವಂತೆ."

 ಅಜ್ಜ ಕೈ ಬಿಡದೆ ಇನ್ನೊಂದು ಪ್ರಶ್ನೆ ಕೇಳಿದರು. ಮಗಳು ಅದನ್ನೂ ಇಂಗ್ಲಿಷಿಗೆ ತಂದರು.

"ಯಾರಿಗೆ ಅಷ್ಟು ಹೆದರಿದ್ದಿರಿ ಎಂದು ಕೇಳುತ್ತಿದ್ದಾರೆ."

ಅಲ್ಲಿಯವರೆಗೆ ಅದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಗಂಡನೂ ಕೇಳಿರಲಿಲ್ಲ, ಅವನಿಗೂ ಅದೇ ಭಯ.  ಹೇಳಿಯೇಬಿಡೋಣ ಎಂದು ಬಾಯಿ ತೆರೆದೆ.

ಅಜ್ಜ ಬಿಳಿ ಗವಸಿನ ಒಂದು ಬೆರಳನ್ನು ತಮ್ಮ ತುಟಿಯ ಮೇಲಿಟ್ಟುಕೊಂಡರು. ಸುತ್ತ ಒಮ್ಮೆ ನೋಡಿ, ಮೆಲ್ಲಗೆ ಏನೋ ಹೇಳಿದರು. ಮಗಳು ನಗುತ್ತ, ಕಣ್ಣು ಒರೆಸಿಕೊಳ್ಳುತ್ತ ಅದನ್ನು ನನಗೆ ದಾಟಿಸಿದರು.

"ಹೆಸರು ಮಾತ್ರ ಹೇಳಬೇಡಿ, ಅಂತಾರೆ."